ಅರವತ್ತು ದಾಟಿದ ಗಂಡಸರ ತಪಾಸಣೆ ಮತ್ತು ವಿಮೆ: ಯಾವುದು ಮೊದಲು, ಯಾವುದು ನಂತರ

ರಾಯಚೂರು ಜಿಲ್ಲೆಯಲ್ಲಿ ನಮ್ಮ ಬಂಧುಬಳಗದ ಹಿರಿಯರ ಆಸ್ಪತ್ರೆ ಕಾಗದಗಳನ್ನು ನೋಡಿಕೊಳ್ಳುವ ಕೆಲಸ ಹೇಗೋ ನನ್ನ ಪಾಲಿಗೆ ಬಂದು ಹಲವು ವರ್ಷಗಳಾದವು. ಸಿಂಧನೂರು, ಮಾನ್ವಿ, ಮಸ್ಕಿ ಕಡೆಯಿಂದ ಬರುವ ಫೋನುಗಳಲ್ಲಿ ತೊಂದರೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಅಪ್ಪಾಜಿಯವರನ್ನು ಆಸ್ಪತ್ರೆಗೆ ಸೇರಿಸಿಯಾಗಿದೆ, ಕಾರ್ಡ್ ಇದೆ, ಆದರೆ ಕೌಂಟರಿನಲ್ಲಿ ನಡೆಯುತ್ತಿಲ್ಲ. ವಿಚಾರಿಸಿದರೆ ಕೈಯಲ್ಲಿರುವುದು ವಿಮೆಯ ಕಾರ್ಡೇ ಆಗಿರುವುದಿಲ್ಲ. ಇಲ್ಲವೇ ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಇರುತ್ತದೆ. ಇಲ್ಲವೇ ಎರಡು ವರ್ಷದ ಹಿಂದೆ ಶಿಬಿರದಲ್ಲಿ ಸಕ್ಕರೆ ಹೆಚ್ಚಿದೆ ಎಂದು ಬರೆದುಕೊಟ್ಟ ಚೀಟಿ ಯಾರ ಕಣ್ಣಿಗೂ ಬೀಳದೆ ಅಂಗಿಯ ಜೇಬಿನಲ್ಲೇ ತೊಳೆದುಹೋಗಿರುತ್ತದೆ.

ಈ ಎಲ್ಲ ಎಡವಟ್ಟುಗಳ ಹಿಂದಿರುವುದು ಅನುಕ್ರಮದ ತಪ್ಪು. ಕಾರ್ಡ್ ಇದ್ದರೆ ತಪಾಸಣೆಯೂ ಅದರಲ್ಲೇ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ; ಆಗುವುದಿಲ್ಲ. ಸರ್ಕಾರದ ಆರೋಗ್ಯ ಕಾರ್ಡ್ ಮುಖ್ಯವಾಗಿ ಒಳರೋಗಿಯಾಗಿ ದಾಖಲಾದಾಗಿನ ಚಿಕಿತ್ಸೆಗೆ ಇರುವಂಥದ್ದು. ವರ್ಷಕ್ಕೊಮ್ಮೆಯ ಬಿ.ಪಿ., ಶುಗರ್, ಬಾಯಿ ಪರೀಕ್ಷೆ ಇತ್ಯಾದಿಗಳು ಊರಿನ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಾರ್ಡ್ ಇಲ್ಲದೆಯೂ ಉಚಿತವಾಗಿ ಆಗುತ್ತವೆ. ಎರಡೂ ಬೇರೆ ಬೇರೆ ದಾರಿಗಳು, ಎರಡನ್ನೂ ಬೇರೆ ಬೇರೆಯಾಗಿಯೇ ನಡೆಯಬೇಕು.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದವು

ಆಧಾರ್ ಮತ್ತು ಅದಕ್ಕೆ ಜೋಡಿಸಿರುವ ಮೊಬೈಲ್ (ನಂಬರ್ ಮಾತ್ರ ಸಾಲದು, ಒಟಿಪಿ ಬರುವ ಫೋನೇ ಕೈಯಲ್ಲಿರಬೇಕು), ಪಡಿತರ ಚೀಟಿ, ಹಳೆಯ ಡಿಸ್ಚಾರ್ಜ್ ಸಾರಾಂಶಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ಒಂದು ಇನ್ನೂರು ಪುಟದ ನೋಟುಪುಸ್ತಕ, ಒಂದು ಗಟ್ಟಿ ಪ್ಲಾಸ್ಟಿಕ್ ಫೈಲು. ಮನೆಯಲ್ಲಿ ಬಿ.ಪಿ. ಯಂತ್ರ ಇದ್ದರೆ ಒಳ್ಳೆಯದು. ತೋಳಿಗೆ ಕಟ್ಟುವಂಥದ್ದೇ ಇರಲಿ, ಮಣಿಕಟ್ಟಿನದು ಬೇಡ. ಬಾಯಿ ನೋಡಲು ಟಾರ್ಚ್ ಸಾಕು.

ಹಂತ 1: ಚೀಲ ಬಿಚ್ಚಿ ಕಾಗದ ಹೊಂದಿಸುವುದು

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಆಸ್ಪತ್ರೆಯಲ್ಲಿ ಅಳುವುದೂ ಇದಕ್ಕೇ.

ನಮ್ಮ ದೊಡ್ಡಪ್ಪನವರ ಕಾಗದಗಳು ಗೊಬ್ಬರದ ಅಂಗಡಿಯವರು ಕೊಟ್ಟ ಒಂದು ಕೈಚೀಲದಲ್ಲಿದ್ದವು. ಹೊಲದ ಪಹಣಿ, ಎತ್ತಿನ ವಿಮೆಯ ರಸೀದಿ, ಅವುಗಳ ನಡುವೆ ಮಡಚಿಟ್ಟ ಎರಡು ಇಸಿಜಿ, ಜೊತೆಗೆ ಕಂದು ಕಾಗದದ ಪೊಟ್ಟಣದಲ್ಲಿ ಗುಳಿಗೆಗಳು. ಅಂಗಡಿಯವರು ಹಾಳೆಯಿಂದ ಐದು ಗುಳಿಗೆಗಳನ್ನು ಕತ್ತರಿಸಿ ಕೊಟ್ಟಿದ್ದರಿಂದ ಹೆಸರು ಇದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಯಾವುದಕ್ಕೆ ಎಂದು ಕೇಳಿದರೆ, “ಬಿಳೀದು ಮುಂಜಾನಿ, ಹಳದೀದು ರಾತ್ರಿ” ಎಂದರು. ಯಾವ ವೈದ್ಯರಿಗೂ ಈ ಮಾಹಿತಿಯಿಂದ ಉಪಯೋಗವಿಲ್ಲ. ಆದ್ದರಿಂದ ಗುಳಿಗೆಯನ್ನು ಪೂರ್ತಿ ಹಾಳೆಯಾಗಿಯೇ ಕೊಳ್ಳಬೇಕು, ಇಲ್ಲವಾದರೆ ಹಾಳೆಯ ಹಿಂಬದಿಯ ಫೋಟೊವನ್ನು ಅಂಗಡಿಯಲ್ಲೇ ತೆಗೆದುಕೊಳ್ಳಬೇಕು.

ಕಾಗದಗಳಲ್ಲಿ ನೋಡಬೇಕಾದದ್ದು ಮೂರು. ಮೊದಲನೆಯದು ಹೆಸರು: ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ ಉದ್ದವಾಗಿದ್ದು ಪಡಿತರ ಚೀಟಿಯಲ್ಲಿ ಬರಿಯ ಮನೆಮಾತಿನ ಹೆಸರಿದ್ದರೆ ಈಗಲೇ ತಿದ್ದಿಸಬೇಕು. ಎರಡನೆಯದು ಹುಟ್ಟಿದ ದಿನಾಂಕ. ನಮ್ಮ ಕಡೆಯ ಹಿರಿಯರಲ್ಲಿ ಬಹಳ ಜನರ ಆಧಾರ್‌ನಲ್ಲಿ ಜನವರಿ 1 ಎಂದೇ ಇರುತ್ತದೆ. ನೋಂದಣಿಯ ದಿನ ದಾಖಲೆಯಿಲ್ಲದೆ ಅಂದಾಜು ವಯಸ್ಸು ಹೇಳಿದ್ದರ ಫಲ ಅದು. ಎಪ್ಪತ್ತೆರಡು ತುಂಬಿದವರು ಕಾಗದದಲ್ಲಿ ಅರವತ್ತಾರರವರಾಗಿದ್ದರೆ ಎಪ್ಪತ್ತು ದಾಟಿದವರ ಸೌಲಭ್ಯ ಅವರಿಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಆಧಾರ್‌ನ ವಯಸ್ಸೇ ಕೊನೆಯ ಮಾತು. ಹುಟ್ಟಿದ ದಿನಾಂಕವನ್ನು ಆಧಾರ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಅವಕಾಶವಿರುವುದರಿಂದ ಸರಿಯಾದ ಪುರಾವೆ ಕೈಗೆ ಬರುವವರೆಗೆ ಆ ಅವಕಾಶವನ್ನು ಖರ್ಚು ಮಾಡಬಾರದು. ಮೂರನೆಯದು ಪಡಿತರ ಚೀಟಿಯಲ್ಲಿ ಅವರ ಹೆಸರು ಇನ್ನೂ ಇದೆಯೇ ಎಂಬುದು. ಮಗ ಬೇರೆ ಮನೆ ಮಾಡಿದಾಗ, ಇ-ಕೆವೈಸಿ ತಪ್ಪಿದಾಗ ಹಿರಿಯರ ಹೆಸರು ಬಿಟ್ಟುಹೋಗುವುದು ಸಾಮಾನ್ಯ. ಆರೋಗ್ಯ ಕಾರ್ಡ್‌ನ ಲೆಕ್ಕದಲ್ಲಿ ಕುಟುಂಬ ಎಂದರೆ ಪಡಿತರ ಚೀಟಿಯಲ್ಲಿರುವ ಕುಟುಂಬ.

ಇನ್ನೊಂದು ಸಂಗತಿಯನ್ನು ಹೊರಡುವ ಮೊದಲೇ ತಿಳಿದಿರಬೇಕು. ಜೀವಮಾನವೆಲ್ಲ ಹೊಲದಲ್ಲಿ, ಗಣಿಯಲ್ಲಿ ದುಡಿದವರ ಬೆರಳ ಗೆರೆಗಳು ಸವೆದಿರುತ್ತವೆ ಮತ್ತು ಯಂತ್ರ ಅವನ್ನು ಒಪ್ಪುವುದಿಲ್ಲ. ಹಾಗಾದಾಗ ‘ಆಗಲಿಲ್ಲ’ ಎಂದು ಬಸ್ಸು ಹತ್ತದೆ, ಒಟಿಪಿ, ಕಣ್ಣಿನ ಪಾಪೆ ಅಥವಾ ಮುಖದ ಗುರುತಿನ ಮೂಲಕ ಪ್ರಯತ್ನಿಸುವಂತೆ ಕೇಂದ್ರದವರನ್ನು ಕೇಳಬೇಕು.

ಹಂತ 2: ಸರಿಯಾದ ಕಾರ್ಡ್ ಮಾಡಿಸುವುದು

ಅತಿ ಹೆಚ್ಚು ಜನ ಜಾರುವ ಕಲ್ಲು ಇಲ್ಲಿದೆ. ‘ಆಭಾ’ ಎಂಬ ಹದಿನಾಲ್ಕು ಅಂಕಿಗಳ ಕಾರ್ಡ್ ಕೇವಲ ಆರೋಗ್ಯ ದಾಖಲೆಗಳ ಗುರುತಿನ ಸಂಖ್ಯೆ. ಅದರಲ್ಲಿ ಒಂದು ರೂಪಾಯಿಯ ವಿಮೆಯೂ ಇಲ್ಲ. ನೋಡಲು ಸರ್ಕಾರಿ ಮುದ್ರೆ, ಫೋಟೊ, ಹೊಳೆಯುವ ಲ್ಯಾಮಿನೇಷನ್ ಎಲ್ಲ ಇರುವುದರಿಂದ ಇದನ್ನೇ ಐದು ಲಕ್ಷದ ಕಾರ್ಡ್ ಎಂದು ದೇವರ ಕೋಣೆಯಲ್ಲಿ ಇಟ್ಟುಕೊಂಡವರನ್ನು ಕಂಡಿದ್ದೇನೆ.

ಚಿಕಿತ್ಸೆಗೆ ಬೇಕಾದದ್ದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್. ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಆಧಾರ್ ಮತ್ತು ಪಡಿತರ ಚೀಟಿ ಕೊಟ್ಟು ಇದನ್ನು ಮಾಡಿಸಬಹುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತ) ಶೇ. 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಉಳಿದ ಶೇ. 70 ಕೈಯಿಂದಲೇ ಹೋಗುತ್ತದೆ. ಬಿಪಿಎಲ್ ಚೀಟಿ ರದ್ದಾಗಿ ಎಪಿಎಲ್ ಆದವರು ಈ ವ್ಯತ್ಯಾಸವನ್ನು ಬಿಲ್ ಬರುವ ದಿನ ಅರಿಯುವ ಬದಲು ಇಂದೇ ಅರಿಯುವುದು ಲೇಸು.

ಎಪ್ಪತ್ತು ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷದ ರಕ್ಷಣೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಕುಟುಂಬ ಈಗಾಗಲೇ ಯೋಜನೆಯಲ್ಲಿದ್ದರೆ ಈ ಮೊತ್ತ ಹಿರಿಯರಿಗಷ್ಟೇ ಮೀಸಲಾದ ಹೆಚ್ಚುವರಿ ರಕ್ಷಣೆಯಾಗುತ್ತದೆ. ನೋಂದಣಿಗೆ ಆಧಾರ್ ಒಂದೇ ಸಾಕು. ಆಯುಷ್ಮಾನ್ ಆ್ಯಪ್‌ನಲ್ಲಿ ಮನೆಯಲ್ಲೇ ಮಾಡಬಹುದು. ಖಾಸಗಿ ವಿಮೆ ಅಥವಾ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರೂ ಅರ್ಹರು. ಮಾಜಿ ಸೈನಿಕರ ಇಸಿಎಚ್‌ಎಸ್ ಮತ್ತು ಕೇಂದ್ರ ನೌಕರರ ಸಿಜಿಎಚ್‌ಎಸ್ ಇದ್ದವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಾರ್ಡ್ ಕೈಗೆ ಬಂದ ವಾರದಲ್ಲೇ, ಕಾಯಿಲೆ ಇಲ್ಲದಿರುವಾಗಲೇ, ನೀವು ಹೋಗಬಹುದಾದ ಆಸ್ಪತ್ರೆಯ ಆರೋಗ್ಯಮಿತ್ರರಿಗೆ (ಯೋಜನೆಯ ರೋಗಿಗಳಿಗೆ ನೆರವಾಗಲು ಅಲ್ಲಿರುವ ಸಿಬ್ಬಂದಿ) ತೋರಿಸಿ, ಅಲ್ಲಿ ಯಾವ ಯೋಜನೆಯಡಿ ಯಾವ ಚಿಕಿತ್ಸೆ ಸಿಗುತ್ತದೆ ಎಂದು ಬಾಯಿಬಿಟ್ಟು ಕೇಳಿ ಬರೆದುಕೊಳ್ಳಬೇಕು.

ಸಹಕಾರ ಸಂಘದ ಸದಸ್ಯರು ತಮಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿಯ ಅವಧಿಯನ್ನು ತಪ್ಪಿಸಿಕೊಳ್ಳಬಾರದು. ಅದು ವರ್ಷವಿಡೀ ತೆರೆದಿರುವುದಿಲ್ಲ. ಶಕ್ತಿನಗರದ ವಿದ್ಯುತ್ ಕೇಂದ್ರ, ಹಟ್ಟಿಯ ಚಿನ್ನದ ಗಣಿ ಮುಂತಾದೆಡೆ ನಿವೃತ್ತರಾದವರು ಸಂಸ್ಥೆಯ ವೈದ್ಯಕೀಯ ಸೌಲಭ್ಯ ತಮಗೆ ಮುಂದುವರಿದಿದೆಯೇ ಎಂದು ಪಿಂಚಣಿಯ ಕಾಗದಗಳಲ್ಲಿ ಒಮ್ಮೆ ನೋಡಿಕೊಳ್ಳಲಿ.

ಹಂತ 3: ತಪಾಸಣೆಯ ದಿನವನ್ನು ಗೊತ್ತುಪಡಿಸುವುದು

ಗಂಡಸರು ಆಸ್ಪತ್ರೆಗೆ ಬರುವುದೇ ಇಲ್ಲ ಎಂಬ ದೂರು ಅರ್ಧ ಸತ್ಯ. ಹೆಂಡತಿಯ ಮೊಣಕಾಲಿಗೆಂದು, ಮೊಮ್ಮಗನ ಜ್ವರಕ್ಕೆಂದು ಬಂದವರು ಹೊರಗೆ ಬೇವಿನ ಮರದ ಕೆಳಗೆ ಕುಳಿತಿರುತ್ತಾರೆ. ತಮ್ಮ ಸರದಿ ಬಂದಾಗ ಮಾತ್ರ “ನನಗೇನಾಗೈತಪ, ಗುಂಡುಕಲ್ಲಿದ್ದಂಗ ಅದೀನಿ” ಎನ್ನುತ್ತಾರೆ. ಆದುದರಿಂದ ಅವರಿಗಾಗಿಯೇ ಬೇರೆ ದಿನ ಹುಡುಕುವುದಕ್ಕಿಂತ ಮನೆಯಲ್ಲಿ ಬೇರೆ ಯಾರನ್ನೋ ತೋರಿಸುವ ದಿನವೇ ಅವರದನ್ನೂ ಮುಗಿಸುವುದು ಸುಲಭ. ಬಿತ್ತನೆ, ನಾಟಿ, ಸುಗ್ಗಿಯ ವಾರಗಳನ್ನು ಬಿಟ್ಟುಬಿಡಿ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ನಿಲ್ಲಿಸುವುದೂ ಬೇಡ.

ಮೊದಲು ಹೋಗಬೇಕಾದದ್ದು ಊರಿನ ಉಪಕೇಂದ್ರಕ್ಕೆ, ಅಂದರೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಫಲಕ ಹೊತ್ತಿರುವ ಕಟ್ಟಡಕ್ಕೆ. ಮೂವತ್ತು ದಾಟಿದ ಎಲ್ಲರಿಗೂ ಅಲ್ಲಿ ಬಿ.ಪಿ., ಸಕ್ಕರೆ ಮತ್ತು ಬಾಯಿಯ ಪರೀಕ್ಷೆ ಆಗಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದುಡಿಮೆ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುವ ಒಂದು ನಮೂನೆಯಿದೆ; ಅಂಕ ನಾಲ್ಕನ್ನು ಮೀರಿದರೆ ಮೊದಲ ಆದ್ಯತೆಯಲ್ಲಿ ತಪಾಸಣೆಗೆ ಕಳಿಸಬೇಕು. ಆಶಾ ತಾಯಿಯ ಮುಂದೆ ಕುಡಿತದ ವಿಷಯದಲ್ಲಿ ಸುಳ್ಳು ಹೇಳುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಆ ಸುಳ್ಳಿನಿಂದ ಅಂಕ ಇಳಿಯುತ್ತದೆ, ಕರೆ ಬರುವುದಿಲ್ಲ.

ರಕ್ತಪರೀಕ್ಷೆ ಇದ್ದರೆ ಹಿಂದಿನ ರಾತ್ರಿಯ ಊಟದ ನಂತರ ಎಂಟರಿಂದ ಹತ್ತು ಗಂಟೆ ಏನನ್ನೂ ತಿನ್ನಬಾರದು. ನೀರು ಕುಡಿಯಬಹುದು, ಚಹಾ ಕುಡಿಯಬಾರದು. ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುವುದು ಅಪಾಯ. ಅದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ಕೇಳಿಟ್ಟುಕೊಂಡು, ರೊಟ್ಟಿ ಬುತ್ತಿಯನ್ನು ಜೊತೆಗೆ ಒಯ್ಯಬೇಕು.

ಹಂತ 4: ಏನೇನನ್ನು ನೋಡಿಸಬೇಕು

ರಕ್ತದೊತ್ತಡ. ಬಂದ ತಕ್ಷಣ ಪಟ್ಟಿ ಕಟ್ಟಿಸಿಕೊಂಡರೆ ಅದು ಮೆಟ್ಟಿಲು ಹತ್ತಿದ ಲೆಕ್ಕವೇ ಹೊರತು ಬಿ.ಪಿ. ಅಲ್ಲ. ಅರ್ಧ ಗಂಟೆ ಮುಂಚಿನಿಂದ ಚಹಾ, ಬೀಡಿ, ತಂಬಾಕು ಇರಬಾರದು. ಮೂತ್ರ ಮಾಡಿ ಬಂದು, ಬೆನ್ನಿಗೆ ಆನಿಸಿ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಎರಡು ಸಲ ಅಳೆಸಬೇಕು. ಬೇರೆ ಬೇರೆ ದಿನ 140/90 ಅಥವಾ ಅದಕ್ಕೂ ಹೆಚ್ಚು ಬಂದರೆ ವೈದ್ಯರನ್ನು ಕಾಣಲೇಬೇಕು. ಹಿರಿಯರಲ್ಲಿ ಇನ್ನೊಂದು ಅಳತೆ ಬೇಕು, ಅದನ್ನು ಕೇಳದಿದ್ದರೆ ಯಾರೂ ಮಾಡುವುದಿಲ್ಲ: ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗಿನ ಬಿ.ಪಿ. ಮೇಲಿನ ಅಂಕಿ 20ರಷ್ಟು ಇಳಿದರೆ ರಾತ್ರಿ ಬಚ್ಚಲಿಗೆ ಎದ್ದಾಗ ತಲೆಸುತ್ತಿ ಬೀಳುವ ಸಂಭವವಿದೆ. ಪ್ರಾಸ್ಟೇಟ್‌ಗೆ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕೊಡುವ ಕೆಲವು ಗುಳಿಗೆಗಳೂ ಬಿ.ಪಿ.ಯನ್ನು ಇಳಿಸುತ್ತವೆ. ಒಬ್ಬ ವೈದ್ಯರು ಬಿ.ಪಿ.ಗೆ, ಮತ್ತೊಬ್ಬರು ಮೂತ್ರದ ತೊಂದರೆಗೆ ಬರೆದುಕೊಟ್ಟು, ಇಬ್ಬರ ಚೀಟಿಗಳೂ ಒಂದೇ ಫೈಲಿನಲ್ಲಿ ಇಲ್ಲದಿದ್ದಾಗ ಸೊಂಟದ ಮೂಳೆ ಮುರಿಯುವುದು ಹೀಗೆ.

ಸಕ್ಕರೆ ಮತ್ತು ಮೂತ್ರಪಿಂಡ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಇದ್ದು ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಅದು ಮಧುಮೇಹ. ಬೆರಳು ಚುಚ್ಚಿ ನೋಡುವುದು ಶೋಧನೆಗಷ್ಟೇ. ಮಧುಮೇಹ ಅಥವಾ ಬಿ.ಪಿ. ಇದ್ದವರಿಗೆ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಆಗಬೇಕು; ಮಧುಮೇಹಿಗಳಿಗೆ ಕಣ್ಣಿನ ಅಕ್ಷಿಪಟಲ ಮತ್ತು ಪಾದಗಳ ಪರೀಕ್ಷೆಯೂ ಆಗಬೇಕು. ಬರಿಗಾಲಲ್ಲಿ ಹೊಲ ತಿರುಗುವವರ ಪಾದದ ಸ್ಪರ್ಶ ಹೋಗಿದೆಯೇ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು, ದಪ್ಪ ಚರ್ಮದಡಿ ಗಾಯ ಮುಚ್ಚಿಹೋಗಿರುತ್ತದೆ.

ಬಾಯಿ. ನಮ್ಮ ಜಿಲ್ಲೆಗಳಲ್ಲಿ ಗಂಡಸರಿಗೆ ನಾನು ಮೊದಲು ಹೇಳುವ ತಪಾಸಣೆ ಇದೇ. ಬಾಗಿಲ ಬಳಿ ಬೆಳಕಿಗೆ ಮುಖ ಮಾಡಿ ಕುಳ್ಳಿರಿಸಿ, ತಂಬಾಕು ಸುಣ್ಣ ತಿಕ್ಕಿ ಯಾವ ದವಡೆಯ ಸಂದಿಗೆ ಇಡುತ್ತಾರೋ ಆ ಸಂದಿಯನ್ನು ಬೆರಳಿನಿಂದ ಬಿಡಿಸಿ ಟಾರ್ಚ್ ಹಿಡಿದು ನೋಡಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕೆನ್ನೆಯೊಳಗೆ ಹಗ್ಗದಂತೆ ಬಿಗಿದ ಪಟ್ಟಿ ಕಂಡರೆ, ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು ಬಾಯಿ ತೆರೆಯದಿದ್ದರೆ ದಂತವೈದ್ಯರನ್ನು ಕಾಣಬೇಕು. ಕೃತಕ ಹಲ್ಲಿನ ಸೆಟ್ ಇದ್ದರೆ ತೆಗೆಸಿಯೇ ನೋಡಬೇಕು. ಹುಣ್ಣು ನೋಯುತ್ತಿಲ್ಲ ಎಂಬುದು ಸಮಾಧಾನದ ಮಾತಲ್ಲ. ಆರಂಭದಲ್ಲಿ ಅದು ನೋಯದೆಯೂ ಇರಬಹುದು.

ಪ್ರಾಸ್ಟೇಟ್. ರಾತ್ರಿ ಪದೇಪದೇ ಏಳುವುದು, ಧಾರೆ ಸಣ್ಣಗಾಗುವುದು, ಮಾಡಿದ ಮೇಲೂ ಉಳಿದಂತೆ ಅನಿಸುವುದು ಹೆಚ್ಚಿನವರಲ್ಲಿ ಗ್ರಂಥಿ ಬೆಳೆದದ್ದರಿಂದಲೇ ಹೊರತು ಕ್ಯಾನ್ಸರಿನಿಂದಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಶೋಧನೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಪ್ಯಾಕೇಜ್ ಮಾರುವ ಪ್ರಯೋಗಾಲಯಗಳು ಎಲ್ಲರಿಗೂ ಸೇರಿಸಿಬಿಡುತ್ತವೆ. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆಯ 2018ರ ಶಿಫಾರಸಿನಂತೆ 55ರಿಂದ 69 ವರ್ಷದವರು ಲಾಭನಷ್ಟವನ್ನು ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸಬೇಕು. ಲಕ್ಷಣವಿಲ್ಲದ 70 ದಾಟಿದವರಿಗೆ ಶೋಧನೆಗಾಗಿ ಅದು ಬೇಡ. ನನ್ನ ಅಭಿಪ್ರಾಯವೂ ಅದೇ: ಎಂಬತ್ತರ ಹಿರಿಯರಿಗೆ ತೊಂದರೆಯಿಲ್ಲದೆ ಪಿಎಸ್‌ಎ ಮಾಡಿಸಿ, ಬಂದ ಅಂಕಿ ನೋಡಿ ಮನೆಮಂದಿಯೆಲ್ಲ ನಿದ್ದೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮಾಡಿಸುವುದಾದರೆ ಮೂತ್ರದ ಸೋಂಕು ಇರುವಾಗ ಬೇಡ. ಅಂಕಿ ಸುಳ್ಳೇ ಏರುತ್ತದೆ. ಈ ಪ್ರಶ್ನೆಗಳನ್ನು ಸೊಸೆಯ ಮುಂದೆ ಕೇಳಿದರೆ ಹಿರಿಯರು ಬಾಯಿ ಬಿಡುವುದಿಲ್ಲವಾದ್ದರಿಂದ ವೈದ್ಯರ ಬಳಿ ಅವರನ್ನು ಸ್ವಲ್ಪ ಹೊತ್ತು ಒಬ್ಬರನ್ನೇ ಬಿಡಿ.

ಶ್ವಾಸಕೋಶ. ಸಂಡೂರು ಕಡೆಯ ಗಣಿ, ಹಟ್ಟಿಯ ಚಿನ್ನದ ಗಣಿ, ಅಕ್ಕಿ ಗಿರಣಿ, ಹತ್ತಿಯ ಜಿನ್ನಿಂಗ್, ಕಲ್ಲಿನ ಕ್ವಾರಿ ಇವುಗಳಲ್ಲಿ ಎಷ್ಟು ವರ್ಷ ದುಡಿದರು ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಅದನ್ನು ತಿಳಿಯದೆ ಎಕ್ಸ್‌ರೇ ಓದುವುದು ಕಷ್ಟ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎಂದಾದರೂ ಬೀಡಿ ಸೇದಿದ 65ರಿಂದ 75 ವರ್ಷದ ಗಂಡಸರು ಹೊಟ್ಟೆಯ ಮಹಾಅಪಧಮನಿ ಉಬ್ಬಿದೆಯೇ ಎಂದು ಒಮ್ಮೆ ಸ್ಕ್ಯಾನಿಂಗ್ ಮಾಡಿಸುವ ಬಗ್ಗೆ ಕೇಳಬಹುದು.

ಬೆನ್ನು ಮತ್ತು ಕುತ್ತಿಗೆಯ ಬಿಗಿತವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವ ಮೊದಲು ಒಂದು ಮಾತು: ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಫ್ಲೋರೈಡ್ ನೀರಿನ ಜಿಲ್ಲೆಗಳು. ಬೋರಿನ ನೀರನ್ನೇ ಜೀವನವಿಡೀ ಕುಡಿದವರಲ್ಲಿ ಮೂಳೆಗಳು ಬಿಗಿಯುತ್ತವೆ. ಯಾವ ಊರಿನ ಯಾವ ನೀರು ಕುಡಿದರು ಎಂಬುದನ್ನೂ ನೋಟುಪುಸ್ತಕದಲ್ಲಿ ಬರೆದಿಡಿ. ಕಣ್ಣಿನ ಪೊರೆ ಮತ್ತು ಕಿವಿಯ ಪರೀಕ್ಷೆಯನ್ನು ಅದೇ ದಿನ ಮುಗಿಸಬಹುದು. ಲಸಿಕೆಗಳಲ್ಲಿ ವರ್ಷಕ್ಕೊಮ್ಮೆಯ ಇನ್‌ಫ್ಲುಯೆಂಜಾ, ನ್ಯುಮೊಕಾಕಲ್ (ನ್ಯುಮೋನಿಯಾ ತಡೆಗೆ), ಹತ್ತು ವರ್ಷಕ್ಕೊಮ್ಮೆಯ ಟಿ.ಡಿ. (ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಗೆ) ಬಗ್ಗೆ ವೈದ್ಯರನ್ನು ಕೇಳಬೇಕು.

ಹಂತ 5: ಚೀಟಿಯನ್ನು ಚಿಕಿತ್ಸೆಯವರೆಗೆ ಮುಟ್ಟಿಸುವುದು

ದೊಡ್ಡಪ್ಪನವರಿಗೆ ಒಂದು ಶಿಬಿರದಲ್ಲಿ ಸಕ್ಕರೆ 210 ಎಂದು ಬರೆದುಕೊಟ್ಟಿದ್ದರು. ತಪಾಸಣೆ ಆಯಿತು ಎಂಬ ನೆಮ್ಮದಿಯಲ್ಲಿ ಎರಡು ವರ್ಷ ಕಳೆದವು. ನಮಗೆ ಗೊತ್ತಾದದ್ದು ಹೆಬ್ಬೆರಳು ಕಪ್ಪಾದಾಗ. ಆ ಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಫಲಿತಾಂಶವನ್ನು ಅದೇ ಸಂಜೆ ನೋಟುಪುಸ್ತಕಕ್ಕೆ ಇಳಿಸುತ್ತೇವೆ: ದಿನಾಂಕ, ಪರೀಕ್ಷೆ, ಅಂಕಿ, ಮುಂದೆ ಯಾರನ್ನು ಯಾವಾಗ ಕಾಣಬೇಕು. ಕೊನೆಯ ಅಂಕಣ ಖಾಲಿಯಿದ್ದರೆ ತಪಾಸಣೆ ಮುಗಿದಿಲ್ಲ ಎಂದೇ ಲೆಕ್ಕ.

ಬಿ.ಪಿ. ಮತ್ತು ಸಕ್ಕರೆಯ ಸಾಮಾನ್ಯ ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ದೊರೆಯುತ್ತವೆ. ಅಲ್ಲಿ ಇಲ್ಲದಿದ್ದರೆ ಜನೌಷಧಿ ಅಂಗಡಿ ಇದೆ. ಮುಗಿಯುವ ಐದು ದಿನ ಮೊದಲೇ ಹೋಗಿ ತರಬೇಕು. ಅಳತೆ ಸರಿಬಂತು ಎಂದು ಗುಳಿಗೆ ಬಿಡುವುದು ನಾನು ಕಂಡ ಅತಿ ದೊಡ್ಡ ತಪ್ಪು. ಅಳತೆ ಸರಿಬಂದಿರುವುದೇ ಗುಳಿಗೆಯಿಂದ. ಬೇಸಿಗೆಯಲ್ಲಿ ಮಾತ್ರ ಒಂದು ಎಚ್ಚರ ಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಗುಳಿಗೆ ನುಂಗುವವರು ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ ತಲೆ ಹಗುರಾದರೆ, ಮೂತ್ರ ಕಡಿಮೆಯಾಗಿ ಕಡುಹಳದಿ ಬಂದರೆ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಹಂತ 6: ಖಾಸಗಿ ವಿಮೆ ಕೊಳ್ಳುವುದಾದರೆ

ಬಿಪಿಎಲ್ ಕಾರ್ಡ್ ಸರಿಯಾಗಿರುವವರು ಸಾಲ ಮಾಡಿ ಖಾಸಗಿ ಪಾಲಿಸಿ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎಪಿಎಲ್ ಕುಟುಂಬದ, ಇನ್ನೂ ಎಪ್ಪತ್ತಾಗದ ಹಿರಿಯರ ವಿಷಯ ಬೇರೆ. 65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದೇ ಇಲ್ಲ ಎಂಬುದು ಹಳೆಯ ಮಾತು. 2024ರ ಏಪ್ರಿಲ್‌ನಿಂದ ಆ ವಯಸ್ಸಿನ ತಡೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಹಿರಿಯರ ಪ್ರೀಮಿಯಂ ಅನ್ನು ವಿಮಾ ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸುವಂತಿಲ್ಲ ಎಂಬ ಆದೇಶವೂ 2025ರ ಜನವರಿಯಲ್ಲಿ ಬಂದಿದೆ.

ಪ್ರಪೋಸಲ್ ಫಾರಂ ಅನ್ನು ಏಜೆಂಟರ ಕೈಗೆ ಬಿಟ್ಟು ಖಾಲಿ ಹಾಳೆಗೆ ಸಹಿ ಹಾಕುವುದು ಇಲ್ಲಿಯ ಮೂಲ ತಪ್ಪು. “ಶುಗರ್ ಬರಿಬ್ಯಾಡ್ರಿ, ಪ್ರೀಮಿಯಂ ಏರ್ತದ” ಎಂದು ಹೇಳುವವರು ಕ್ಲೇಮ್ ತಿರಸ್ಕೃತವಾದ ದಿನ ಫೋನ್ ಎತ್ತುವುದಿಲ್ಲ. ಇರುವ ಕಾಯಿಲೆ, ನುಂಗುವ ಗುಳಿಗೆ, ಆದ ಶಸ್ತ್ರಚಿಕಿತ್ಸೆ, ತಂಬಾಕು ಎಲ್ಲವನ್ನೂ ಬರೆಯಲೇಬೇಕು. ಬರೆದ ಹಳೆಯ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು, ಆಮೇಲೆ ಅದಕ್ಕೂ ರಕ್ಷಣೆ ದೊರೆಯುತ್ತದೆ. ಮುಚ್ಚಿಟ್ಟದ್ದು ಬಯಲಾದರೆ ಪಾಲಿಸಿಯೇ ರದ್ದಾಗಬಹುದು. ಇದೇ ಕಾರಣಕ್ಕೆ ಪಾಲಿಸಿ ಬರುವವರೆಗೆ ತಪಾಸಣೆಯನ್ನು ಮುಂದೂಡುವವರಿದ್ದಾರೆ. ಅದು ಸಲ್ಲದು, ಕಾಯಿಲೆ ವಿಮೆಗಾಗಿ ಕಾಯುವುದಿಲ್ಲ.

ಅಪಘಾತ ಬಿಟ್ಟು ಉಳಿದವಕ್ಕೆ ಮೊದಲ 30 ದಿನ ರಕ್ಷಣೆಯಿರುವುದಿಲ್ಲ. ಗಂಡಸರಿಗೆ ಈ ವಯಸ್ಸಿನಲ್ಲಿ ಬರುವಂಥವೇ ಆದ ಹರ್ನಿಯಾ, ಹೈಡ್ರೊಸೀಲ್, ಪ್ರಾಸ್ಟೇಟ್ ಬೆಳವಣಿಗೆ, ಕಣ್ಣಿನ ಪೊರೆ, ಮೂಲವ್ಯಾಧಿ ಇವುಗಳಿಗೆ ಹಲವು ಪಾಲಿಸಿಗಳಲ್ಲಿ 24 ತಿಂಗಳ ಪ್ರತ್ಯೇಕ ಕಾಯುವಿಕೆ ಇರುತ್ತದೆ. ಈ ಪಟ್ಟಿಯನ್ನು ಓದದೆ ಹಣ ಕಟ್ಟಬಾರದು.

ಕೊಠಡಿ ಬಾಡಿಗೆಯ ಮಿತಿಯನ್ನು ಲೆಕ್ಕ ಹಾಕಿಯೇ ತಿಳಿಯಬೇಕು. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1ರ ಮಿತಿ ಎಂದರೆ 5,000 ರೂಪಾಯಿ. ನೀವು 8,000ದ ಕೊಠಡಿ ಹಿಡಿದರೆ ಮೇಲಿನ 3,000 ಮಾತ್ರ ನಿಮ್ಮದು ಎಂದುಕೊಳ್ಳಬೇಡಿ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ ಮೊದಲಾದ ವೆಚ್ಚಗಳೂ ಎಂಟಕ್ಕೆ ಐದರ ಅನುಪಾತದಲ್ಲಿ ಕಡಿತವಾಗುತ್ತವೆ. ಅವು 1,60,000 ಆಗಿದ್ದರೆ 1,00,000ಕ್ಕೆ ಇಳಿಯುತ್ತವೆ. ಹಿರಿಯರ ಪಾಲಿಸಿಗಳಲ್ಲಿ ಸಾಮಾನ್ಯವಾದ ಶೇ. 20ರ ಕೋ-ಪೇ (ಬಿಲ್ಲಿನಲ್ಲಿ ನೀವೇ ಕಟ್ಟಬೇಕಾದ ಪಾಲು) ಸೇರಿದರೆ ಕೈಗೆ ಬರುವುದು 80,000. ಔಷಧ ಮತ್ತು ಪರೀಕ್ಷೆಗಳಿಗೆ ಈ ಅನುಪಾತದ ಕಡಿತ ಅನ್ವಯಿಸದು.

ಪಾಲಿಸಿ ಬಂದ ಮೇಲೆ 30 ದಿನ ಅದನ್ನು ಓದಿ ಹಿಂತಿರುಗಿಸುವ ಅವಕಾಶವಿದೆ. ಹೆಸರು ಮತ್ತು ವಯಸ್ಸು ಆಧಾರ್‌ನಂತೆಯೇ ಇದೆಯೇ ಎಂದು ಆಗಲೇ ನೋಡಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಕ್ಕಳಿಗೆ ಹಿರಿಯ ತಂದೆತಾಯಿಯ ಪ್ರೀಮಿಯಂ ಮೇಲೆ 50,000ದವರೆಗೆ ವಿನಾಯಿತಿ ಇದ್ದು, ಅದರೊಳಗೆ 5,000 ತಪಾಸಣೆಗೂ ಸೇರುತ್ತದೆ.

ಹಂತ 7: ದಾಖಲಾಗುವಾಗ

ಆರೋಗ್ಯ ಕರ್ನಾಟಕದಲ್ಲಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ಚಾಚುವಂತಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದರೆ ಅಲ್ಲಿಂದ ರೆಫರಲ್ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ರಾಯಚೂರಿನವರಿಗೆ ರಿಮ್ಸ್ (ಅಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಮತ್ತು ಓಪೆಕ್ ಎಂದೇ ಹೆಸರಾದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಕೊಪ್ಪಳದವರಿಗೆ ಅಲ್ಲಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬಳ್ಳಾರಿಯವರಿಗೆ ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ತುರ್ತು ಚಿಕಿತ್ಸೆಗೆ ರೆಫರಲ್ ಬೇಡ.

ಆಸ್ಪತ್ರೆಯಲ್ಲಿ ಮೊದಲು ಹುಡುಕಬೇಕಾದವರು ಆರೋಗ್ಯಮಿತ್ರರು. ಕಾರ್ಡನ್ನು ದಾಖಲಾಗುವಾಗಲೇ ಕೊಡಬೇಕು; ‘ಬಿಡುಗಡೆಯ ದಿನ ನೋಡೋಣ’ ಎಂದರೆ ಪೂರ್ವಾನುಮತಿ ಆಗಿರುವುದಿಲ್ಲ, ಹಣ ವಾಪಸು ಬರುವುದಿಲ್ಲ. ಖಾಸಗಿ ಪಾಲಿಸಿಯಾದರೆ ಕ್ಯಾಶ್‌ಲೆಸ್ (ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ) ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಅನುಮತಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕೆಂಬುದು 2024ರ ನಿಯಮ. ಕೋರಿಕೆ ಕಳಿಸಿದ ಸಮಯವನ್ನು ಬರೆದಿಟ್ಟುಕೊಳ್ಳಿ.

ಕಾಗದವನ್ನು ಬದಿಗಿಟ್ಟು ಓಡಬೇಕಾದ ಚಿಹ್ನೆಗಳು

ಎದೆ ಅಥವಾ ದವಡೆ, ಎಡತೋಳಿನಲ್ಲಿ ಒತ್ತಿದಂಥ ನೋವು ಮತ್ತು ತಣ್ಣನೆಯ ಬೆವರು (ಇದನ್ನು ‘ಗ್ಯಾಸ್’ ಎಂದು ಸೋಡಾ ಕುಡಿಸುವುದು ನಮ್ಮಲ್ಲಿ ನಿತ್ಯದ ತಪ್ಪು, ಮಧುಮೇಹಿಗಳಲ್ಲಿ ನೋವಿಲ್ಲದೆ ಬರಿಯ ಏದುಸಿರೂ ಇರಬಹುದು), ಬಾಯಿ ಸೊಟ್ಟಗಾಗಿ ಮಾತು ತೊದಲುವುದು ಅಥವಾ ಒಂದು ಕೈ ಸೋಲುವುದು, ಮೂತ್ರ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬುವುದು, ಮೂತ್ರದಲ್ಲಿ ಅಥವಾ ಕಫದಲ್ಲಿ ರಕ್ತ, ಟಾರಿನಂತೆ ಕಪ್ಪಾದ ಮಲ, ಬಿಸಿಲಿನಲ್ಲಿ ಮೈ ಕಾದು ಗಲಿಬಿಲಿಯಾಗುವುದು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ ಹೊರಟುಬಿಡಬೇಕು. ಪಾರ್ಶ್ವವಾಯುವಿನಲ್ಲಿ ಲಕ್ಷಣ ಶುರುವಾದ ಗಳಿಗೆಯನ್ನು ಗುರುತಿಟ್ಟುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸುಮಾರು ನಾಲ್ಕೂವರೆ ಗಂಟೆಯ ಗಡುವಿದೆ. ಮಾನ್ವಿಯಿಂದಲೋ ಮಸ್ಕಿಯಿಂದಲೋ ಹೊರಡುವವರು ಪ್ರಯಾಣದ ಸಮಯವನ್ನೂ ಅದರಲ್ಲೇ ಕಳೆಯಬೇಕು.

ಹಂತ 8: ಬಿಡುಗಡೆ ಮತ್ತು ದೂರು

ಡಿಸ್ಚಾರ್ಜ್ ಸಾರಾಂಶವನ್ನು ಅಲ್ಲೇ ಓದಿ, ಹೆಸರು, ವಯಸ್ಸು, ಕಾಯಿಲೆಯ ಇತಿಹಾಸ ಸರಿಯಿದೆಯೇ ನೋಡಬೇಕು. ಮೂರು ವರ್ಷದ ಸಕ್ಕರೆ ಕಾಯಿಲೆ ಹದಿಮೂರು ವರ್ಷ ಎಂದು ತಪ್ಪಿ ಬರೆಯಲ್ಪಟ್ಟರೆ ಮುಂದಿನ ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ. ಆಯುಷ್ಮಾನ್ ಯೋಜನೆಯಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧವೂ ಪ್ಯಾಕೇಜಿನೊಳಗೆ ಬರುವುದರಿಂದ ಅದನ್ನು ಕೇಳಿ ಪಡೆಯಬೇಕು. ಯೋಜನೆಯಡಿ ದಾಖಲಾದವರಿಂದ ಹಣ ಕೇಳಿದರೆ ಮೊದಲು ಆರೋಗ್ಯಮಿತ್ರರಿಗೆ, ನಂತರ ಯೋಜನೆಯ ಸಹಾಯವಾಣಿ 14555ಕ್ಕೆ ತಿಳಿಸಬೇಕು. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಬೇಡಬೇಕು.

ಖಾಸಗಿ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರಿನ ಸಂಖ್ಯೆ, ಮಾತಾಡಿದ ದಿನಾಂಕ, ಫೋನಿನಲ್ಲಿ ಮಾತಾಡಿದವರ ಹುದ್ದೆ ಇವಿಷ್ಟನ್ನೂ ಅದೇ ನೋಟುಪುಸ್ತಕದ ಕೊನೆಯ ಪುಟದಿಂದ ಹಿಂದಕ್ಕೆ ಬರೆಯುತ್ತ ಬನ್ನಿ, ಮುಂದಿನ ಪುಟಗಳು ಅಂಕಿಗಳಿಗೇ ಉಳಿಯಲಿ.